ಲಗೋರಿ ಕಟ್ಟಿಕೊಂಡು ಸ್ವೀಡನ್‌ಗೆ

ನಾನು ಬೆಂಗಳೂರಿನಲ್ಲಿ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತೇನೆ. ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಪ್ರತಿ ಜುಲೈನಲ್ಲಿ ನಡೆಯುವ ಗೋಥಿಯಾ ಕಪ್‌ಗೆ ಎರಡು ಸಲ ತಂಡ ಕರೆದುಕೊಂಡು ಹೋಗಿದ್ದೇನೆ. ಅದು 1975ರಲ್ಲಿ ಶುರುವಾದ ಮಕ್ಕಳ ಟೂರ್ನಿ. ಹತ್ತಾರು ದೇಶಗಳ ಮಕ್ಕಳು ಬರುತ್ತಾರೆ. ಹೆಚ್ಚಿನ ತಂಡಗಳು ಊರಿನ ಶಾಲೆಗಳಲ್ಲೇ ಉಳಿಯುತ್ತವೆ, ತರಗತಿಯ ನೆಲದ ಮೇಲೆ ಹಾಸಿಗೆ ಹಾಸಿಕೊಂಡು.

ಮೊದಲ ಸಲ, ಅಲ್ಲಿನವರಿಗೆ ತೋರಿಸಲೆಂದು ಎರಡು ತಿಂಗಳು ಕೋಲಾಟ ಕಲಿಸಿ ಕರೆದುಕೊಂಡು ಹೋಗಿದ್ದೆ. ಮಕ್ಕಳು ಚೆನ್ನಾಗಿಯೇ ಕುಣಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಫೋನ್‌ನಲ್ಲಿ ವಿಡಿಯೋ ಮಾಡಿಕೊಂಡರು, ಎದ್ದು ಹೋದರು. ಊರಿಗೆ ಬಂದ ಮೇಲೆ ಒಬ್ಬ ತಾಯಿ ಮಗಳನ್ನು ಕೇಳಿದರು, "ಯಾರ ಜೊತೆ ಸ್ನೇಹ ಆಯ್ತೇ?" ಹುಡುಗಿ ನನ್ನ ಮುಖ ನೋಡಿದಳು. ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದ ಮಕ್ಕಳ ಹೆಸರೂ ಇವರಿಗೆ ಗೊತ್ತಿರಲಿಲ್ಲ. ಒಂದು ವಾರ ಒಂದೇ ಸೂರಿನಡಿ ಇದ್ದು! ಅದು ನನ್ನನ್ನು ಬಹಳ ದಿನ ಕಾಡಿತು.

ಎರಡನೇ ಸಲ ಕೋಲಾಟ ಬಿಟ್ಟೆ. ಬಡಗಿಯ ಹತ್ತಿರ ಹೋಗಿ ದೊಡ್ಡದರಿಂದ ಚಿಕ್ಕದಕ್ಕೆ ಏಳು ಮರದ ಬಿಲ್ಲೆ ಮಾಡಿಸಿದೆ. ಲಗೋರಿಗೆ. ಹುಡುಗಿಯರಿಗೆ ಒಂದೇ ಪಾಠ: ಬಾಯಿ ಬಿಡದೆ ಈ ಆಟ ಕಲಿಸಬೇಕು. ಮೈದಾನಕ್ಕೆ ಬರುವ ಚಿಕ್ಕ ಮಕ್ಕಳ ಮೇಲೆ ಅಭ್ಯಾಸ ಮಾಡಿದರು. ಬರೀ ಕೈಸನ್ನೆ, ಆಡಿ ತೋರಿಸೋದು, ಅಷ್ಟೇ. ಇಂಗ್ಲಿಷ್ ಬರಲ್ಲ ಎಂಬ ಅಳುಕು ಅಲ್ಲೇ ಅರ್ಧ ಹೋಯಿತು.

ನೀವೂ ತಂಡ ಕರೆದುಕೊಂಡು ಹೋಗುವುದಾದರೆ ಕಾಗದಪತ್ರದ ಕೆಲಸ ಜನವರಿಯಲ್ಲೇ ಶುರು ಮಾಡಿ. ಸ್ವೀಡನ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗನ್ ವೀಸಾಗೆ ಮಕ್ಕಳ ಅರ್ಜಿಯಲ್ಲಿ ಅಪ್ಪ ಅಮ್ಮ ಇಬ್ಬರ ಒಪ್ಪಿಗೆಯೂ ಬೇಕು. 12 ವರ್ಷ ತುಂಬಿದವರು ಬೆರಳಚ್ಚು ಕೊಡಬೇಕು. ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಕೊಡುವ ಪ್ರಯಾಣ ವಿಮೆ ಇರಬೇಕು. ನಮಗೆ ಜಾಸ್ತಿ ದಿನ ಹಿಡಿದಿದ್ದು ಮಾತ್ರ ಬೇರೆಯದೇ. ಇಬ್ಬರು ಹುಡುಗಿಯರ ಜನನ ಪ್ರಮಾಣಪತ್ರದಲ್ಲಿ ಹೆಸರೇ ಇರಲಿಲ್ಲ, ಬರೀ 'ಹೆಣ್ಣು' ಅಂತಿತ್ತು. ಆಸ್ಪತ್ರೆಯಲ್ಲಿ ಬರೆಸಿದ್ದು ಹಾಗೇ ಉಳಿದಿತ್ತು. ಹೆಸರು ಸೇರಿಸಿದ ಮೇಲೇ ಪಾಸ್‌ಪೋರ್ಟ್. ಇನ್ನೊಂದು ಮಾತು, ಹಾಲು, ಮಾಂಸದ ಪದಾರ್ಥ ಅಲ್ಲಿಗೆ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ ಮನೆಯಲ್ಲೇ ಉಳಿಯಿತು, ಚಟ್ನಿಪುಡಿ ಮತ್ತು ಪುಳಿಯೋಗರೆ ಗೊಜ್ಜು ಬಂದವು.

ಎರಡನೇ ದಿನ ಸಂಜೆ ಶಾಲೆಯ ಅಂಗಳದಲ್ಲಿ ಬಿಲ್ಲೆ ಜೋಡಿಸಿದರು. ಪಕ್ಕದ ಕೋಣೆಯ ಸ್ವೀಡನ್ ಹುಡುಗಿಯರು ಸುಮ್ನೆ ನಿಂತು ನೋಡುತ್ತಿದ್ದರು. ನಮ್ಮ ಗೋಲ್‌ಕೀಪರ್ ಹೋಗಿ ಒಬ್ಬಳ ಕೈಗೆ ಟೆನಿಸ್ ಚೆಂಡು ಕೊಟ್ಟಳು. ಅವಳು ಒಂದೇ ಏಟಿಗೆ ಲಗೋರಿ ಬೀಳಿಸಿ, ಎರಡೂ ಕೈ ಮೇಲೆತ್ತಿ ಕುಣಿದಳು. ಆಟ ಮುಗಿಯಿತು ಅಂದುಕೊಂಡಿದ್ದಳು. ನಮ್ಮವಳು ಅವಳ ಮಣಿಕಟ್ಟು ಹಿಡಿದು ಬಿಲ್ಲೆಗಳ ಹತ್ತಿರ ಕೂರಿಸಿ, ಮೊದಲನೆಯದನ್ನು ಇಟ್ಟು ತೋರಿಸಿದಳು. ಬೀಳಿಸಿದವರೇ ಕಟ್ಟಬೇಕು, ಅಲ್ವಾ? ಅಷ್ಟರಲ್ಲಿ ಬೆನ್ನಿಗೆ ಚೆಂಡು ಬಿತ್ತು. ಅವಳು ಕಿರುಚಿದ ಸದ್ದಿಗೆ ಮೇಲಿನ ಕಿಟಕಿಗಳೆಲ್ಲ ತೆರೆದವು.

ಮರುದಿನ ಆ ಹುಡುಗಿಯರು ಒಂದು ಚೀಲ ತಂದರು. ಒಳಗೆ ಕುಬ್. ಗೋಟ್‌ಲ್ಯಾಂಡ್ ದ್ವೀಪದ ಕಡೆಯ ಆಟ ಅದು. ಎರಡೂ ಕಡೆ ಐದೈದು ಮರದ ತುಂಡು, ನಡುವೆ ಒಂದು ರಾಜ. ಕೋಲು ಎಸೆದು ಎದುರಿನವರ ತುಂಡು ಬೀಳಿಸಬೇಕು, ರಾಜ ಕೊನೆಗೆ. ನಮ್ಮ ಸ್ಟ್ರೈಕರ್ ಮೊದಲ ಕೋಲನ್ನೇ ರಾಜನಿಗೆ ಬೀಸಿದಳು. ಗುರಿ ತಪ್ಪಲಿಲ್ಲ, ತಂಡ ಸೋತಿತು. ಅವಳ ಮುಖ ಸಣ್ಣದಾಗಿದ್ದು ನೋಡಿ ಆ ಹುಡುಗಿಯರೇ ರಾಜನನ್ನು ಎತ್ತಿ ನಿಲ್ಲಿಸಿ, ಇನ್ನೊಮ್ಮೆ ಎಂದು ಸನ್ನೆ ಮಾಡಿದರು.

ಗುಂಪಿನ ಪಂದ್ಯಗಳಲ್ಲಿ ಒಂದು ಗೆದ್ದೆವು, ಎರಡು ಸೋತೆವು. ಗುಂಪಿನಲ್ಲಿ ಹಿಂದೆ ಬಿದ್ದವರಿಗೂ ಅಲ್ಲಿ ಬಿ ಪ್ಲೇಆಫ್ ಎಂಬ ಇನ್ನೊಂದು ಸುತ್ತು ಇರುತ್ತದೆ, ಅದು ನನಗೆ ತುಂಬ ಇಷ್ಟವಾದ ಏರ್ಪಾಡು. ಆ ಪಂದ್ಯಕ್ಕೆ ಗೆರೆಯಾಚೆ ನಿಂತು ನಮ್ಮ ಮಕ್ಕಳ ಹೆಸರು ಹಿಡಿದು ಕೂಗುತ್ತಿದ್ದವರು ಪಕ್ಕದ ಕೋಣೆಯ ಹುಡುಗಿಯರು. ಉಚ್ಚಾರ ಸ್ವಲ್ಪ ಆಚೀಚೆ, ಆದರೆ ಹನ್ನೊಂದು ಹೆಸರೂ ಬರುತ್ತಿದ್ದವು.

ಜುಲೈನಲ್ಲಿ ಅಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತದೆ. "ಮಿಸ್, ಇನ್ನೊಂದೇ ಆಟ" ಅಂತ ದಿನಾ ಗೋಗರೆಯುತ್ತಿದ್ದರು. ನಾನೂ ಗದರಲಿಲ್ಲ. ಹೊರಡುವ ಬೆಳಿಗ್ಗೆ ಏಳೂ ಬಿಲ್ಲೆಗಳನ್ನು ಆ ತಂಡಕ್ಕೇ ಕೊಟ್ಟು ಬಂದರು. ಮುಂದಿನ ಸಲಕ್ಕೆ ಬಡಗಿಗೆ ಎರಡು ಸೆಟ್ ಹೇಳಿದ್ದೇನೆ.