ಸಮುದ್ರವೇ ಕಂದಕವಾದ ತಕಮತ್ಸು ಕೋಟೆ: ನೋಡುವ ಬಗೆ

ಜಪಾನಿನ ಶಿಕೋಕು ದ್ವೀಪದ ತಕಮತ್ಸು ಕೋಟೆಯಲ್ಲಿ ಈಗ ಮುಖ್ಯ ಗೋಪುರವಿಲ್ಲ. ಅದನ್ನು 1884ರಲ್ಲಿಯೇ ಕೆಡವಿದರು. ಹಾಗೆಂದು ಪ್ರವಾಸದ ಪಟ್ಟಿಯಿಂದ ಈ ಕೋಟೆಯನ್ನು ಕೈಬಿಡಬಾರದು. ಇಲ್ಲಿನ ದೊರೆ ಇಕೊಮಾ ಚಿಕಮಾಸಾ 1588ರಲ್ಲಿ ಕಟ್ಟಲಾರಂಭಿಸಿದ ಈ ಕೋಟೆಯ ಕಂದಕಗಳಿಗೆ ಸೆತೊ ಒಳಸಮುದ್ರದ ಉಪ್ಪುನೀರೇ ಬರುತ್ತದೆಯಾದ್ದರಿಂದ, ಇಲ್ಲಿ ಕಲ್ಲಿನಷ್ಟೇ ನೀರನ್ನೂ ನೋಡಬೇಕು. ಹೊರಡುವ ಮುನ್ನ ಆ ದಿನದ ಉಬ್ಬರ ಇಳಿತದ ವೇಳೆಯನ್ನು ತಿಳಿದುಕೊಳ್ಳಿ.

ಒಸಾಕಾದ ಕಡೆಯಿಂದ ಬರುವವರು ಶಿಂಕಾನ್ಸೆನ್ ಎಂಬ ಅತಿವೇಗದ ರೈಲಿನಲ್ಲಿ ಒಕಾಯಾಮಾ ತಲುಪಿ, ಅಲ್ಲಿ ಮರೀನ್ ಲೈನರ್ ರೈಲು ಹತ್ತಬೇಕು. ಸುಮಾರು ಒಂದು ಗಂಟೆಯ ಈ ದಾರಿಯಲ್ಲಿ, 1988ರಲ್ಲಿ ಸಂಚಾರಕ್ಕೆ ತೆರೆದ ಸೆತೊ ಮಹಾಸೇತುವೆಯ ಕೆಳ ಅಂತಸ್ತಿನಲ್ಲಿ ರೈಲು ಸಮುದ್ರವನ್ನು ದಾಟುತ್ತದೆ. ಕಿಟಕಿ ಪಕ್ಕದ ಆಸನವನ್ನೇ ಹಿಡಿಯಿರಿ. ತಕಮತ್ಸು ನಿಲ್ದಾಣದಿಂದ ಕೋಟೆಗೆ ಕೆಲವೇ ನಿಮಿಷಗಳ ನಡಿಗೆ. ಕೋಟೆಯ ಆವರಣಕ್ಕೆ ಈಗ ತಮಮೊ ಉದ್ಯಾನವೆಂದು ಹೆಸರು.

ಪಶ್ಚಿಮ ದ್ವಾರದಿಂದ ಒಳಹೊಕ್ಕು ಮೊದಲು ಒಳಕಂದಕದ ದಂಡೆಯಲ್ಲಿ ನಿಲ್ಲಿ, ಅವಸರ ಮಾಡಬೇಡಿ. ಉದ್ಯಾನದಲ್ಲಿ ಸಿಗುವ ಮೀನಿನ ಆಹಾರವನ್ನು ಒಂದು ಚಿಟಿಕೆ ನೀರಿಗೆ ಎಸೆದರೆ, ಹಸಿರುಗಪ್ಪು ನೀರಿನ ಅಡಿಯಿಂದ ಜಪಾನಿ ಭಾಷೆಯಲ್ಲಿ ‘ತಾಯ್’ ಎಂದು ಕರೆಯುವ ಸಮುದ್ರದ ಮೀನುಗಳು ಮೇಲೆದ್ದು ಬಾಯಿ ತೆರೆಯುತ್ತವೆ. ಕೋಟೆಯ ಕಂದಕದಲ್ಲಿ ಕಡಲಮೀನು ಈಜುವುದನ್ನು ಕಂಡ ಮೇಲೆ ಈ ಸ್ಥಳದ ಸ್ವರೂಪವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ. ದೋಣಿ ಓಡುವ ಋತುವಾಗಿದ್ದರೆ ಹತ್ತಿ, ಕಲ್ಲಿನ ಗೋಡೆಯನ್ನು ನೀರಿನ ಮಟ್ಟದಿಂದಲೇ ನೋಡಿ.

ಆಮೇಲೆ ಮಾಡು ಹೊದಿಸಿದ ಸಾಯಾಬಾಶಿ ಎಂಬ ಮರದ ಸೇತುವೆಯನ್ನು ದಾಟಿ ಗೋಪುರದ ಕಲ್ಲಿನ ಪೀಠವನ್ನೇರಿ. ಕಲ್ಲುಗಳನ್ನು ಬಿಚ್ಚಿ ಮತ್ತೆ ಜೋಡಿಸಿದ ಇದರ ಜೀರ್ಣೋದ್ಧಾರ 2013ರಲ್ಲಿ ಮುಗಿಯಿತು. ಇಳಿದು ಬರುವಾಗ 1917ರಲ್ಲಿ ಪೂರ್ಣಗೊಂಡ ಹಿಯುನ್‌ಕಾಕು ಮಹಲಿನ 142 ತತಾಮಿ ಚಾಪೆಗಳ ಸಭಾಂಗಣವನ್ನೂ ನೋಡಬಹುದು.

ಹೆಚ್ಚಿನ ಸಮಯವನ್ನು ಉತ್ತರ ತುದಿಗೆಂದು ಉಳಿಸಿಕೊಳ್ಳಿ. ಅಲ್ಲಿರುವ ತ್ಸುಕಿಮಿ ಯಗುರಾ ಎಂಬ ಕಾವಲುಗೋಪುರ 1676ರದು. ಹೆಸರಿನ ಅರ್ಥ ಚಂದ್ರದರ್ಶನವೆಂದಾದರೂ, ಬಂದು ಸೇರುವ ಹಡಗುಗಳನ್ನು ಕಾಯುವುದು ಅದರ ಕೆಲಸವಾಗಿತ್ತು. ಪಕ್ಕದ ಮಿಜುತೆ ದ್ವಾರ ಒಂದು ಕಾಲದಲ್ಲಿ ನೇರವಾಗಿ ಕಡಲಿಗೇ ತೆರೆಯುತ್ತಿತ್ತು. ದೊರೆ ಇಲ್ಲಿಂದ ಚಿಕ್ಕ ದೋಣಿಯಲ್ಲಿ ಹೊರಟು ದೊಡ್ಡ ಹಡಗನ್ನು ಸೇರುತ್ತಿದ್ದ. ಸಮುದ್ರವನ್ನು ತುಂಬಿಸಿ ನೆಲ ಮಾಡಿದ್ದರಿಂದ ಈಗ ಆಚೆಗೆ ರಸ್ತೆಯಿದೆ. ಆದರೆ ಸಮೀಪದ ತೂಬಿನ ಬಾಗಿಲಿನ ಮೂಲಕ ಕಡಲಿಗೂ ಕಂದಕಕ್ಕೂ ನಂಟು ಇಂದಿಗೂ ಉಳಿದಿದೆ. ಉಬ್ಬರದ ವೇಳೆಗೆ ಅಲ್ಲಿ ನಿಂತಿರುವಂತೆ ನಿಮ್ಮ ಸುತ್ತಾಟವನ್ನು ಹೊಂದಿಸಿಕೊಳ್ಳಿ.