ಮೇಜಿನಿಂದ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೆ

ಕಾಯಿಲೆ ಅಥವಾ ಪೆಟ್ಟಿನ ನಂತರ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಮಿದುಳಿಗೆ ಪೆಟ್ಟು ಬಿದ್ದವರಿಗೆ ನಾನು ನೀಡುತ್ತಿದ್ದ ತರಬೇತಿಯೆಲ್ಲ ಮೇಜಿನ ಮೇಲೆಯೇ ಮುಗಿಯುತ್ತಿತ್ತು: ಹಲಗೆಯ ತೂತುಗಳಿಗೆ ಗೂಟ ಸೇರಿಸುವುದು, ಕೋನ್ ಜೋಡಿಸುವುದು, ಚಿತ್ರದ ಕಾರ್ಡುಗಳನ್ನು ನೆನಪಿಟ್ಟು ಹೇಳುವುದು. ಅಂಕ ಏರಿದರೆ ರೋಗಿ ಸುಧಾರಿಸಿದರೆಂದೇ ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದವರು ತುಮಕೂರು ಕಡೆಯ ಒಬ್ಬ ಕಿರಾಣಿ ವ್ಯಾಪಾರಿ.

ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದ ಅವರ ಮಿದುಳಿನ ಮುಂಭಾಗಕ್ಕೆ ಹಾನಿಯಾಗಿತ್ತು. ಕೈಕಾಲು ಬಹುಮಟ್ಟಿಗೆ ಸರಿಯಿದ್ದರೂ ಹೊಸ ವಿಷಯ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಆರು ವಾರಗಳಲ್ಲಿ ಅಂಕಗಳೇನೋ ಏರಿದವು. ಆಗ ಅವರ ಹೆಂಡತಿ, “ಮೇಡಂ, ಇಲ್ಲಿ ಎಲ್ಲಾ ಮಾಡ್ತಾರೆ, ಮನೇಲಿ ಹಲ್ಲುಜ್ಜೋಕೂ ನಾನೇ ಹೇಳ್ಬೇಕು. ಸೋಮಾರಿ ಆಗ್ಬಿಟ್ಟಿದ್ದಾನೆ ಅಂತಾರೆ ನಮ್ಮತ್ತೆ” ಎಂದರು. ಅದು ಸೋಮಾರಿತನವಲ್ಲ, ತಾನಾಗಿ ಕೆಲಸ ಆರಂಭಿಸುವ ಶಕ್ತಿಯೇ ಇಂಥ ಪೆಟ್ಟಿನಿಂದ ಕುಗ್ಗುತ್ತದೆ ಎಂದು ತಿಳಿಸಿ ಹೇಳಿದೆನಾದರೂ, ನನ್ನ ಗೂಟದ ಹಲಗೆ ಅದಕ್ಕೆ ಮದ್ದಲ್ಲವೆಂಬುದು ನನಗೇ ಅರಿವಾಯಿತು.

ಮುಂದಿನ ವಾರ ಅವರ ಅಂಗಡಿಗೇ ಹೋದೆ. ಹಳೆಯ ಪತ್ರಿಕೆಯ ಹಾಳೆ ಕೈಗಿತ್ತದ್ದೇ ತಡ, ಅವರು ಬೇಳೆ ಸುರಿದು, ಪೊಟ್ಟಣ ಮಡಿಸಿ, ದಾರ ಸುತ್ತಿ ಕಟ್ಟಿಟ್ಟರು. ಕೈಗೆ ರೂಢಿಯಾದ ಕೆಲಸದ ನೆನಪು ಘಟನೆಗಳ ನೆನಪಿಗಿಂತ ಬೇರೆ ಬಗೆಯದು. ಎರಡನೆಯದು ಹಾಳಾದಾಗಲೂ ಮೊದಲನೆಯದು ಎಷ್ಟೋ ಸಲ ಉಳಿದಿರುತ್ತದೆ. ಆದರೆ ಗಿರಾಕಿ ಮೂರು ಸಾಮಾನು ಕೇಳಿದರೆ ಒಂದನ್ನು ತೂಗುವಷ್ಟರಲ್ಲಿ ಉಳಿದೆರಡು ಮರೆತುಹೋಗುತ್ತಿದ್ದವು.

ಹೀಗಾಗಿ ಕೆಲಸವನ್ನು ಹೆಜ್ಜೆಗಳಾಗಿ ಬಿಡಿಸಿ, ಕೇಳಿದ್ದನ್ನು ಬರೆದುಕೊಳ್ಳುವುದು, ತೂಗುವುದು, ಕಟ್ಟುವುದು, ಚೀಟಿಯಲ್ಲಿ ಗೀಟು ಹಾಕುವುದು ಎಂದು ತಕ್ಕಡಿಯ ಪಕ್ಕದಲ್ಲೇ ಒಂದು ಕಾರ್ಡು ಅಂಟಿಸಿದೆ. “ಮುಂದೇನು, ಹೇಳಿ ನೋಡೋಣ” ಎಂದು ಊಹೆಗೆ ಬಿಡುವ ನನ್ನ ಹಳೆಯ ಚಾಳಿಯನ್ನು ಇಲ್ಲಿ ಕೈಬಿಡಬೇಕಾಯಿತು. ತಪ್ಪು ಮಾಡಿದ್ದೇ ನೆನಪಿರದವರಲ್ಲಿ ಆ ತಪ್ಪೇ ರೂಢಿಯಾಗಿ ಬೇರೂರುತ್ತದೆ. ತಪ್ಪಿಗೆ ಎಡೆಯಿಲ್ಲದಂತೆ ಕಲಿಸಿದರೆ ಇಂಥವರು ಚೆನ್ನಾಗಿ ಕಲಿಯುತ್ತಾರೆಂದು ಮನೋವಿಜ್ಞಾನಿಗಳಾದ ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ 1994ರಲ್ಲಿ ತೋರಿಸಿದ್ದರು. ಆದ್ದರಿಂದ ಅವರು ತಡವರಿಸುವ ಮೊದಲೇ ಹೆಜ್ಜೆಯನ್ನು ಹೇಳಿಕೊಡುತ್ತಿದ್ದೆ. ದಿನಕಳೆದಂತೆ ಮಾತು ಬಿಟ್ಟು ಬೆರಳು ತೋರಿಸಿದೆ, ಕೊನೆಗೆ ಕಾರ್ಡೊಂದನ್ನೇ ಉಳಿಸಿದೆ. ಅರ್ಧ ಗಂಟೆ ಮೀರಿದರೆ ದಣಿದು ಸಿಡುಕುತ್ತಿದ್ದರಿಂದ ಅಭ್ಯಾಸಕ್ಕೆ ಗಿರಾಕಿಗಳು ಕಡಿಮೆಯಿರುವ ಹೊತ್ತನ್ನೇ ಆರಿಸಿಕೊಂಡೆವು.

ಬೆಳಗ್ಗೆ ತಾವಾಗಿ ಹೊರಡಲೆಂದು ಮೊಬೈಲಿನಲ್ಲಿ ಅಲಾರಾಂ ಇಟ್ಟದ್ದು ಫಲಿಸಲಿಲ್ಲ. ಅದನ್ನು ಆರಿಸಿ ಅಲ್ಲೇ ಕೂರುತ್ತಿದ್ದರು. ಕಾಫಿ ಲೋಟದ ಪಕ್ಕದಲ್ಲಿ ಅಂಗಡಿಯ ಬೀಗದ ಕೈ ಇಡುವ ಉಪಾಯ ಅವರ ಹೆಂಡತಿಯದು. ನಾನು ಓದಿಕೊಂಡು ಬಂದದ್ದಕ್ಕಿಂತ ಅದೇ ಮೇಲಾಯಿತು.

ಚಿಲ್ಲರೆಯ ಲೆಕ್ಕ ಮಾತ್ರ ಎಷ್ಟು ಅಭ್ಯಾಸ ಮಾಡಿಸಿದರೂ ಹತ್ತಲಿಲ್ಲ, ನಾನೂ ಹಟ ಹಿಡಿಯಲಿಲ್ಲ. ಈಗ ಹೆಚ್ಚಿನ ಗಿರಾಕಿಗಳು ಫೋನಿನಲ್ಲೇ ಹಣ ಹಾಕುತ್ತಾರೆ, ಬಂದ ಮೊತ್ತವನ್ನು ಸೌಂಡ್‌ಬಾಕ್ಸ್ ಗಟ್ಟಿಯಾಗಿ ಹೇಳುತ್ತದೆ. ನಾಲ್ಕು ತಿಂಗಳ ಹೊತ್ತಿಗೆ ಅವರು ಬೆಳಗ್ಗೆ ಎರಡು ಗಂಟೆ ಕಾಲ, ನಡುವೆ ವಿರಾಮ ಪಡೆದು, ಅಂಗಡಿಯಲ್ಲಿ ಕೂರುವಂತಾದರು. ಉದ್ರಿ ಪುಸ್ತಕ ಇಂದಿಗೂ ಹೆಂಡತಿಯ ಕೈಯಲ್ಲೇ ಇದೆ.