‘ಸೋಲೊ’ ಗೆದ್ದ ಬಗೆ

ಸ್ಪ್ಯಾನಿಷ್ ಅನುವಾದದಲ್ಲಿ ‘ಮಾತ್ರ’ ಅನ್ನುವ ಅರ್ಥದ ಪದ ಆರಿಸಲು ಕನ್ನಡವನ್ನು ಸೇತುವೆ ಮಾಡಿಕೊಳ್ಳುತ್ತೇನೆ ಅಂದಾಗ ಜೊತೆಯವರು ನಕ್ಕರು. ಎಲ್ಲರೂ ಇಂಗ್ಲಿಷ್ ಮೂಲಕವೇ ಕಲಿತವರು, ನಾನೂ ಹಾಗೇ. ಈಗ ಅವರಲ್ಲೇ ಒಂದಿಬ್ಬರು, ಯಾವ ಕನ್ನಡ ಪದಕ್ಕೆ ಯಾವ ಸ್ಪ್ಯಾನಿಷ್ ಪದ ಅನ್ನುವ ನನ್ನ ಪಟ್ಟಿ ಕೇಳಿ ಪಡೆದಿದ್ದಾರೆ. ಕೊಟ್ಟೆ, ಪೂರ್ತಿ ಅಲ್ಲ.

ಇಂಗ್ಲಿಷ್‌ನ ‘ಓನ್ಲಿ’ ಒಂದೇ ಪದ, ಎಲ್ಲ ಕಡೆ ನುಗ್ಗುತ್ತದೆ. ಸ್ಪ್ಯಾನಿಷ್‌ನಲ್ಲಿ ಆ ಕೆಲಸ ಸೋಲೊ, ಊನಿಕೊ, ‘ನೋ... ಮಾಸ್ ಕೆ’, ಸಿನೊ ಅಂತ ಹಂಚಿಹೋಗಿದೆ. ನಾನು ಮೊದಲು ಫ್ಲ್ಯಾಶ್‌ಕಾರ್ಡ್ ಮಾಡಿದೆ. ಆಮೇಲೆ ಹದಿನೈದು ಸಾವಿರದಷ್ಟು ಕೊಟ್ಟು ಆನ್‌ಲೈನ್ ಕೋರ್ಸ್ ಸೇರಿದೆ. ಅಲ್ಲೂ ಅದೇ ಪದಗಳ ಕೋಷ್ಟಕ. ಒಂದು ಹೋಟೆಲ್ ಬ್ರೋಷರ್ ಕೆಲಸದಲ್ಲಿ ‘ನೋ ಮಾಸ್ ದೆ 20 ಯೂರೊ’ ಇರಬೇಕಾದಲ್ಲಿ ‘ನೋ ಮಾಸ್ ಕೆ’ ಹೋಯಿತು. ಮೊದಲನೆಯದು ಇಪ್ಪತ್ತು ದಾಟಲ್ಲ ಅಂತ, ಎರಡನೆಯದು ಬರೀ ಇಪ್ಪತ್ತೇ ಅಂತ. ಬಿಲ್ಲಿನಲ್ಲಿ ಆರೇಳು ಸಾವಿರ ಕತ್ತರಿಸಿದರು. ಪದಕ್ಕೆ ಎರಡು ರೂಪಾಯಿ ಸಿಗುವ ಕೆಲಸದಲ್ಲಿ ಇದು ಎಷ್ಟು ದೊಡ್ಡ ಮೊತ್ತ ಅಂತ ಈ ದಂಧೆಯವರಿಗೆ ಗೊತ್ತು.

ಆಗ ಕನ್ನಡಕ್ಕೆ ಬಂದೆ. ವಾಕ್ಯವನ್ನು ಮೊದಲು ಮನೆಮಾತಿನಲ್ಲಿ ಹೇಳಿಕೊಳ್ಳುವುದು, ಅಷ್ಟೇ. ‘ಮಾತ್ರ’ ಬಂತಾ? ಬದಲಾಗದ ಸೋಲೊ. ‘ಒಬ್ಬಳೇ ಕೂತಿದ್ದಾಳೆ’ ಅಂತ ಬಂತಾ? ಸೋಲಾ, ಲಿಂಗ ವಚನ ನೋಡಿಕೊಂಡು. ‘ಒಬ್ಬಳೇ ಮಗಳು’ ಅಂದರೆ ಇಖಾ ಊನಿಕಾ. ಅಲ್ಲಿ ಸೋಲಾ ಹಾಕಿದರೆ ಹುಡುಗಿ ಪಾಪ ಒಂಟಿಯಾಗುತ್ತಾಳೆ. ‘ಬಿಟ್ಟರೆ ಬೇರೆ ಇಲ್ಲ’ ಅಂತ ಬಂದರೆ ‘ನೋ... ಮಾಸ್ ಕೆ’, ಸ್ವಲ್ಪ ಗತ್ತಿನ ಬರವಣಿಗೆಯಾದರೆ ‘ನೋ... ಸಿನೊ’. ಮೆಕ್ಸಿಕೊದ ‘ಪುರೊಸ್ ಓಂಬ್ರೆಸ್’ ಅಂತೂ ನಮ್ಮ ‘ಬರೀ ಗಂಡಸರು’, ಅಚ್ಚು ಒತ್ತಿದ ಹಾಗೆ!

ಜಾಗ ಮಾತ್ರ ತಿರುಗಾಮುರುಗಾ. ನಮ್ಮ ‘ಮಾತ್ರ’ ಪದದ ಹಿಂದೆ ಕೂರುತ್ತದೆ, ಸೋಲೊ ಮುಂದೆ. ‘ಸೋಲೊ ಉನ್ ಕಾಫೆ’ ಅಂದರೆ ಒಂದು ಕಾಫಿ ಮಾತ್ರ. ಸ್ಪೇನ್‌ನಲ್ಲಿ ‘ಉನ್ ಕಾಫೆ ಸೋಲೊ’ ಅಂದರೆ ಹಾಲಿಲ್ಲದ ಕಾಫಿ. ಫಿಲ್ಟರ್ ಕಾಫಿಯವರಿಗೆ ಅದು ಶಿಕ್ಷೆಯೇ ಸರಿ.

ಈ ಉತ್ಸಾಹದಲ್ಲಿ ನಮ್ಮ ‘ಏ’ ಪ್ರತ್ಯಯವನ್ನೂ ಎಳೆದು ತಂದೆ. ಎರಡು ವಾರ ಸುಮ್ನೆ ಹಾಳಾಯಿತು. ‘ನಾನೇ ಮಾಡಿದೆ’ ಅಂದಾಗ ನಾನೊಬ್ಬನೇ ಅಂತಲೂ ಆಗಬಹುದು, ಬೇರೆಯವರಿಂದ ಮಾಡಿಸಲಿಲ್ಲ ಅಂತಲೂ ಆಗಬಹುದು. ಎರಡನೆಯದಕ್ಕೆ ‘ಯೊ ಮಿಸ್ಮೊ’ ಬೇಕು. ಈಗ ‘ಏ’ ಕಂಡರೆ ಅದರ ಬದಲು ‘ಮಾತ್ರ’ ಇಟ್ಟು ನೋಡುತ್ತೇನೆ. ಅರ್ಥ ಉಳಿದರೆ ಸೋಲೊ, ಕೆಟ್ಟರೆ ಮಿಸ್ಮೊ.

ಸಮಯದ ವಿಷಯದಲ್ಲಿ ‘ಏ’ ಚೆನ್ನಾಗಿ ದುಡಿಯಿತು. ‘ತೆರೆಯೋದೇ ಹತ್ತಕ್ಕೆ’ ಅನ್ನುವುದಕ್ಕೆ ಸ್ಪೇನ್‌ನಲ್ಲಿ ‘ನೋ ಆಬ್ರೆ ಆಸ್ತಾ ಲಾಸ್ ದಿಯೆಸ್’. ಮೆಕ್ಸಿಕೊದವರು ಆ ‘ನೋ’ವನ್ನು ನುಂಗಿಯೂ ಅದೇ ಅರ್ಥದಲ್ಲಿ ಹೇಳುತ್ತಾರೆ. ಅದನ್ನೇ ಸ್ಪೇನ್‌ನವರು ಓದಿದರೆ ಹತ್ತರ ತನಕ ತೆರೆದಿರುತ್ತದೆ ಅಂದುಕೊಳ್ಳುತ್ತಾರೆ. ಅರ್ಜೆಂಟೀನಾದವರಿಗೆ ಈ ‘ಏ’ಗೆ ‘ರೆಸಿಯೆನ್’ ಸಾಕು. ಗ್ರಾಹಕ ಯಾವ ದೇಶದವರು ಅಂತ ಕೇಳದೆ ನಾನೀಗ ದರವನ್ನೇ ಹೇಳುವುದಿಲ್ಲ.

ಇನ್ನು ಒತ್ತುಗುರುತಿನ ಜಗಳ, ಅಂದರೆ ‘ಮಾತ್ರ’ ಅನ್ನುವ ಅರ್ಥದ ಸೋಲೊದಲ್ಲಿ ಮೊದಲ ‘ಒ’ ಮೇಲೆ ಎಳೆಯುತ್ತಿದ್ದ ಗೆರೆ. ‘ತ್ರಬಾಖಾ ಸೋಲೊ ಲೊಸ್ ದೊಮಿಂಗೊಸ್’: ಭಾನುವಾರ ಮಾತ್ರ ಕೆಲಸವೋ, ಭಾನುವಾರ ಒಬ್ಬನೇ ಕೆಲಸವೋ? 2010ರಲ್ಲಿ ಸ್ಪ್ಯಾನಿಷ್ ಅಕಾಡೆಮಿ ಸೋಲೊ ಮೇಲಿನ ಗೆರೆ ಬೇಡ ಅಂದಿತು. 2023ರಲ್ಲಿ, ಗೊಂದಲವಾಗುತ್ತದೆ ಅಂತ ಬರೆಯುವವರಿಗೆ ಅನಿಸಿದರೆ ಹಾಕಬಹುದು ಅಂತ ಸ್ಪಷ್ಟಪಡಿಸಿತು. ನಾನು ಗೆರೆ ಹಾಕುವುದೇ ಇಲ್ಲ. ಅನುಮಾನ ಬಂದರೆ ‘ಮಾತ್ರ’ ಅನ್ನುವ ಒಂದೇ ಅರ್ಥದ ‘ಸೋಲಾಮೆಂತೆ’ ಬರೆದು ಮುಂದೆ ಹೋಗುತ್ತೇನೆ, ಒಂದು ಪೈಸೆಯೂ ಕಡಿತವಾಗಿಲ್ಲ.

ಕರಾರು ಪತ್ರಗಳಲ್ಲಿ ‘ಮಾತ್ರ’ಕ್ಕೇ ಬರುವ ಊನಿಕಾಮೆಂತೆ, ಎಸ್ಕ್ಲುಸಿವಾಮೆಂತೆ ಬೇರ್ಪಡಿಸಲು ನನ್ನದೊಂದು ಕೈಚಳಕ ಇದೆ. ಅದು ಅನ್ನದ ದಾರಿ, ಇಲ್ಲಿ ಹೇಳಲ್ಲ. ಉಳಿದದ್ದನ್ನು ಮಾಡಿ ನೋಡಿ. ನನಗೆ ಪುಟಕ್ಕೆ ಐದಾರು ಇರುತ್ತಿದ್ದ ಕೆಂಪು ಗುರುತು ಈಗ ಇಡೀ ಕಡತದಲ್ಲಿ ಒಂದೋ ಎರಡೋ. ದರವನ್ನು ಪದಕ್ಕೆ ಮೂರು ರೂಪಾಯಿಗೆ ಏರಿಸಿದ್ದೇನೆ, ಯಾರೂ ಚೌಕಾಸಿ ಮಾಡಿಲ್ಲ.